ಗಂಟೆಮುಳ್ಳಿನ ಓಟ

ಆಟದ ಮೈದಾನ ಕಂಡರೆ ನಮ್ಮ ಗಡಿಯಾರ ರಿಪೇರಿಯವನು ಈ ನಲವತ್ತಾರನೆಯ ವಯಸ್ಸಿನಲ್ಲೂ ರಸ್ತೆ ಬದಲಿಸುತ್ತಾನೆ. ಶಾಲೆಯಲ್ಲಿ ಡ್ರಿಲ್ ಮೇಷ್ಟ್ರು ಅವನಿಗಿಟ್ಟ ಹೆಸರು ‘ಗಂಟೆಮುಳ್ಳು’. ನೂರು ಮೀಟರ್ ಓಟದಲ್ಲಿ ಇವನು ಅರ್ಧ ದಾರಿಗೆ ಬರುವಷ್ಟರಲ್ಲಿ ಗೆದ್ದವನು ಬಹುಮಾನ ಪಡೆದು, ಮನೆಗೆ ಹೋಗಿ ಅಮ್ಮನಿಗೆ ತೋರಿಸಿ ವಾಪಸಾಗಿರುತ್ತಿದ್ದ. ಒಂದು ಸಲವಂತೂ ಮುಂದಿನ ಪಂದ್ಯದ ಚಿಕ್ಕ ಮಕ್ಕಳು ಹಿಂದಿನಿಂದ ಬಂದು ಇವನನ್ನು ದಾಟಿದರು. (ಒಂದೇ ಓಟದಲ್ಲಿ ಎರಡು ಪಂದ್ಯ ಸೋತ ಆ ಮಹಾದಾಖಲೆಯನ್ನು ಇವತ್ತಿಗೂ ಯಾರೂ ಮುರಿದಿಲ್ಲ.)

ಈಗ ಐದನೇ ತರಗತಿಯ ಮಗಳು ಅದೇ ಪಾದಗಳನ್ನು ಹೊತ್ತು ಅವನ ಮುಂದೆ ನಿಂತಿದ್ದಳು.

“ಅಪ್ಪಾ, ಶನಿವಾರದ ರಿಲೇಗೆ ನನ್ನ ಹೆಸರು ಹಾಕಿದಾರೆ. ನನ್ನಿಂದ ಎಲ್ರೂ ಸೋಲ್ತಾರೆ. ನಗ್ತಾರೆ.”

ಒಳಗಿನಿಂದ ಹೆಂಡತಿಯ ದನಿ ಬಂತು. “ಓಡ್ಲಿ ಬಿಡ್ರೀ. ಕಾಲಿರೋದು ಚಪ್ಪಲಿ ಹಾಕೋಕಷ್ಟೇ ಅಲ್ಲ.” ಆಕೆ ತನ್ನ ಕಾಲದ ಓಟದ ರಾಣಿ, ಇಂಥವರಿಗೆ ಕೊನೆಯವರ ಸಂಕಟ ಹೇಗೆ ತಿಳಿಯಬೇಕು?

ತಾನುಂಡ ಅವಮಾನ ಮಗಳಿಗೆ ಬೇಡ ಎಂದು ನಿಶ್ಚಯಿಸಿ, ಅಪ್ಪ ಹಿತ್ತಿಲಲ್ಲಿ ಗುಟ್ಟಾಗಿ ಕುಂಟುವ ವಿದ್ಯೆಯನ್ನು ಧಾರೆಯೆರೆದ.

“ಎಡಗಾಲು. ಕೊನೇವರೆಗೂ ಎಡಗಾಲೇ. ಊಟ ಆದ್ಮೇಲೆ ಬಲಗಾಲಿಗೆ ಬದಲಾಯಿಸಬಾರದು, ನಾನು ಸಿಕ್ಕಿಬಿದ್ದದ್ದೇ ಅಲ್ಲಿ. ಅಳಬಾರದು. ‘ಪರವಾಗಿಲ್ಲ ಮಿಸ್, ಓಡ್ತೀನಿ’ ಅನ್ಬೇಕು. ಆಗ ಅವರೇ ಬೇಡ ಅಂತಾರೆ.”

ಶನಿವಾರ ಮಗಳು ಕುಂಟಿದ ಚೆಂದಕ್ಕೆ ಟೀಚರ್ ಕಣ್ಣಲ್ಲಿ ನೀರಾಡಿತು.

“ಬೇಡ ಪುಟ್ಟಾ, ನೀನು ಕೂತ್ಕೋ,” ಎಂದವರು ಅಪ್ಪನತ್ತ ತಿರುಗಿದರು. “ಈ ವರ್ಷ ಹೊಸ ನಿಯಮ ಮಾಡಿದೀವಿ ಸರ್. ಮಗುವಿಗೆ ಆಗದಿದ್ರೆ ಅಪ್ಪನೋ ಅಮ್ಮನೋ ಓಡಬಹುದು. ಇಲ್ಲಾಂದ್ರೆ ಪಾಪ, ಉಳಿದ ಮೂರು ಮಕ್ಕಳಿಗೂ ಓಟ ತಪ್ಪುತ್ತೆ.”

ಅವನು ಆಸೆಯಿಂದ ಪಕ್ಕದಲ್ಲಿ ಕೂತಿದ್ದ ಓಟದ ರಾಣಿಯ ಮುಖ ನೋಡಿದ.

“ನಂಗೆ ಕಾಲು ನೋವು ಕಣ್ರೀ,” ಎಂದಳು ಆಕೆ, ಕುರ್ಚಿಯಲ್ಲಿ ಇನ್ನಷ್ಟು ಆರಾಮಾಗಿ ಒರಗುತ್ತಾ. “ಎಡಗಾಲು.”

ಹಿತ್ತಿಲ ಗೋಡೆಗೂ ಕಿವಿಯಿತ್ತೆಂದು ಅವನಿಗೆ ಆಗ ಹೊಳೆಯಿತು.

ಮೂರು ಮಕ್ಕಳು ಉಸಿರು ಕಟ್ಟಿ ಓಡಿ ಎಲ್ಲರಿಗಿಂತ ಮುಂದೆ ತಂದ ಕೋಲು ಇವನ ಕೈಗೆ ಬಂದದ್ದೇ ತಡ, ಲೋಕವೇ ಇವನನ್ನು ದಾಟಿ ಹೋಯಿತು. ಇವನು ಗೆರೆ ಮುಟ್ಟಿದಾಗ ರಿಬ್ಬನ್ ಸುತ್ತಿಟ್ಟಾಗಿತ್ತು, ಕುರ್ಚಿಗಳನ್ನು ಒಳಗೆ ಸಾಗಿಸುತ್ತಿದ್ದರು. ಅವನು ಅಲ್ಲೇ ಹುಲ್ಲಿನ ಮೇಲೆ ಕುಸಿದ.

ಮಗಳು ನೀರಿನ ಬಾಟಲಿ ತಂದು ಪಕ್ಕದಲ್ಲಿ ಕೂತಳು.

“ಅಪ್ಪಾ, ಮುಂದಿನ ವರ್ಷ ನಾನೇ ಓಡ್ತೀನಿ.”

ಅವನಿಗೆ ಆ ಏದುಸಿರಿನಲ್ಲೂ ಎದೆ ತುಂಬಿ ಬಂತು. “ಭಯ ಹೋಯ್ತಾ ಮಗಳೇ?”

“ಇಲ್ಲ. ನಾನು ಕೊನೇಲಿ ಬಂದ್ರೆ ಒಂದಿನ ನಗ್ತಾರೆ,” ಎಂದು ಮಗಳು ಅವನ ಬೆನ್ನು ಸವರಿದಳು. “ನೀನು ಓಡಿದ್ರೆ, ‘ಕೊನೇಲಿ ಬಂದೋರು ನಿಮ್ಮಪ್ಪನಾ’ ಅಂತ ವರ್ಷವಿಡೀ ನನ್ನನ್ನೇ ಕೇಳ್ತಾರೆ.”