ಮೂವರು ಓನರು, ಎರಡು ಬಳೆ

ಬಾಡಿಗೆ ಮನೆಯಲ್ಲಿ ಇರುವಷ್ಟು ದಿನ ಇಂಥವು ನಡೆಯುತ್ತಲೇ ಇರುತ್ತವೆ. ಅಡ್ವಾನ್ಸ್ ಕೊಡುವಾಗ ನಾವು ಮನೆ ಅಳಿಯಂದಿರು, ಅದನ್ನೇ ವಾಪಸ್ ಕೇಳುವಾಗ ಭಿಕ್ಷುಕರು. ನಾನು ಹಾವೇರಿ ಕಡೆಯವನು, ಕೆಜಿಎಫ್‌ನ ಒಂದು ಫ್ಯಾಕ್ಟರಿಯಲ್ಲಿ ಫಿಟ್ಟರ್. ಮದುವೆಯಾಗಿ ಇಲ್ಲಿಗೆ ಬಂದಾಗ ಅಡ್ವಾನ್ಸಿಗೆ ದುಡ್ಡು ಸಾಲದೆ ಹೆಂಡತಿಯ ಎರಡು ಬಳೆ ಗಿರವಿ ಅಂಗಡಿ ಸೇರಿದವು. ಚಿನ್ನದ ಗಣಿ ಊರಿಗೆ ಬಂದು ಇದ್ದ ಚಿನ್ನವನ್ನೂ ಕಳಕೊಂಡವರು ನಾವೇ ಇರಬೇಕು. ಆಮೇಲೆ ಆ ದುಡ್ಡು ಒಬ್ಬ ಓನರಿಂದ ಇನ್ನೊಬ್ಬ ಓನರಿಗೆ ಓಡಾಡಿತೇ ಹೊರತು ಬಳೆ ಮನೆಗೆ ಬರಲಿಲ್ಲ. ನೆನೆಸಿಕೊಂಡರೆ ಇವತ್ತಿಗೂ ಮೈ ಉರಿಯುತ್ತದೆ.

೧. ಕಿಟಕಿ ತೆಗೆದವರು

ಮೊದಲ ಮನೆ ಕೆಜಿಎಫ್‌ನ ನಂದಿದುರ್ಗ ಗಣಿ ಕಡೆ, ಸೈನೈಡ್ ದಿಬ್ಬದ ಎದುರಿಗೆ. ಕಲ್ಲು ಅರೆದು ಚಿನ್ನ ತೆಗೆದ ಮೇಲೆ ಉಳಿದ ಪುಡಿಯನ್ನು ಗಣಿಯವರು ಅಲ್ಲೇ ಗುಡ್ಡೆ ಹಾಕಿ ಹೋಗಿದ್ದಾರೆ. ಆಷಾಢದ ಗಾಳಿ ಬೀಸಿದರೆ ಅದು ಅನ್ನದ ತಟ್ಟೆಗೂ ಬರುತ್ತದೆ. ಮನೆ ಬಿಡುವ ದಿನ ಓನರ್ ಗೋಡೆಗೆ ಬೆರಳು ಒರೆಸಿ ನನ್ನ ಮೂಗಿನ ಹತ್ತಿರ ಹಿಡಿದ.

"ಏನ್ ಸಾ, ಗೋಡೆ ಇಂಗ್ ಮಾಡಿಟ್ಟಿದೀರ. ಪೇಂಟಿಂಗ್‌ಗೆ ಅಂತ ಅಡ್ವಾನ್ಸಲ್ಲಿ ಇಡ್ಕೊಂತೀನಿ."

"ದಿಬ್ಬ ನಾ ಹಾಕೀನೇನ್ರಿ? ನಮ್ಮಜ್ಜ ಹುಟ್ಟೋಕಿಂತ ಮೊದಲಿಂದ ಅಲ್ಲೇ ಐತಿ."

"ದಿಬ್ಬ ಅದರ ಪಾಡಿಗೆ ಅದೈತೆ ಸಾ. ಕಿಟಕಿ ತೆಗೆದೋರು ಯಾರು?"

ಮುರಿದುಕೊಂಡೇ ಕೊಟ್ಟ. ಎಷ್ಟೋ ದಿನ ಆದ ಮೇಲೆ ಆ ದಾರಿಯಲ್ಲಿ ಹೋದೆ. ಗೋಡೆಗೆ ಒಂದು ಹನಿ ಬಣ್ಣ ಬಿದ್ದಿರಲಿಲ್ಲ. ಹೊಸ ಬಾಡಿಗೆಯವನು ಸುಡು ಬೇಸಿಗೆಯಲ್ಲಿ ಎಲ್ಲ ಕಿಟಕಿ ಮುಚ್ಚಿಕೊಂಡು ಒಳಗೆ ಕೂತಿದ್ದ.

೨. ಓನರಮ್ಮನ ಕನ್ನಡ

ಎರಡನೇ ಮನೆ ಬಂಗಾರಪೇಟೆಯಲ್ಲಿ, ರೈಲ್ವೆ ಸ್ಟೇಷನ್ ಹಿಂದೆ. ಓನರಮ್ಮ ಒಂದನೇ ತಾರೀಕು ಬಾಡಿಗೆ ವಸೂಲಿಗೆ ಬಂದರೆ ಕೇಳುವ ಹಾಗಿರುತ್ತಿತ್ತು ಆಕೆಯ ಕನ್ನಡ. ಮನೆ ಖಾಲಿ ಮಾಡಿ ಅಡ್ವಾನ್ಸ್ ಕೇಳಿದೆ ನೋಡಿ, ಆಕೆಗೆ ತೆಲುಗು ಬಿಟ್ಟು ಬೇರೆ ಬರದ ಹಾಗಾಯಿತು. "ರೇಪು ರಂಡಿ ಬಾಬು" ಅಂದಳು. ನಾಳೆ ಬಾ ಎಂದು ಅರ್ಥವಂತೆ. ನಾಳೆ ಹೋದರೂ ಅದೇ ರೇಪು.

ತೆಲುಗು ಬರುವ ಗೆಳೆಯನನ್ನು ಕರಕೊಂಡು ಹೋದೆ. ಅವನ ಜೊತೆ ತಮಿಳು ಶುರು ಮಾಡಿದಳು. ಮುಂದಿನ ವಾರ ಎರಡೂ ಬರುವವನನ್ನು ಹುಡುಕಿ ಕರಕೊಂಡು ಹೋದರೆ, ಬಾಯಿಯ ಮೇಲೆ ಬೆರಳಿಟ್ಟು ದೇವರ ಫೋಟೋ ತೋರಿಸಿದಳು. ಅವತ್ತು ಮೌನವ್ರತ.

ಕೊನೆಗೆ ಕಂತು ಕಂತಾಗಿ ಕೊಟ್ಟಳು. ಒಂದು ನೋಟು ಹೆಚ್ಚು ಹೋಗಬಾರದಲ್ಲ, ಎಣಿಸಿದ್ದು ಮಾತ್ರ ಅಚ್ಚ ಕನ್ನಡದಲ್ಲಿ.

೩. ಇದ್ದದ್ದು ಇದ್ದ ಹಾಗೆ

ಮೂರನೇ ಮನೆ ಮತ್ತೆ ಕೆಜಿಎಫ್‌ನಲ್ಲೇ, ಚಾಂಪಿಯನ್ ರೀಫ್ಸ್‌ ಗಣಿ ಕಡೆ. ಅಲ್ಲಿದ್ದಾಗ ನನಗೆ ಫ್ಯಾಕ್ಟರಿ ಕ್ವಾರ್ಟರ್ಸ್ ಸಿಕ್ಕಿತು. ಕ್ವಾರ್ಟರ್ಸಿಗೆ ಅಡ್ವಾನ್ಸ್ ಇಲ್ಲ. ಅಂದರೆ ಈ ಸಲ ದುಡ್ಡು ಕೈಗೆ ಬಂದರೆ ನೇರ ಹೋಗಿ ಬಳೆ ಬಿಡಿಸಬಹುದು. ಹೆಂಡತಿ ಆಗಲೇ ಬರಿಗೈ ತಿರುವಿ ತಿರುವಿ ನೋಡಿಕೊಳ್ಳುತ್ತಿದ್ದಳು.

ಓನರ್ ತಣ್ಣಗೆ ಹೇಳಿದ: "ನಿಮ್ಮ ದುಡ್ಡು ನನ್ನತ್ರ ಎಲ್ಲೈತೆ ಸಾ? ಮೇಲೊಂದು ರೂಮ್ ಕಟ್ಟಿಸ್ಬಿಟ್ಟೆ. ಒಸಬ್ರು ಬರ್ಲಿ, ಅವ್ರ ಅಡ್ವಾನ್ಸ್ ಇಸ್ಕೊಂಡು ನಿಮ್ದು ಕೊಡ್ತೀನಿ."

ಇಲ್ಲಿ ಎಲ್ಲರದೂ ಇದೇ ಪದ್ಧತಿ. ನನ್ನ ದುಡ್ಡು ನನಗೆ ಬರಬೇಕಾದರೆ ನಾನೇ ಇನ್ನೊಬ್ಬ ಬಡಪಾಯಿಯನ್ನು ಹಿಡಿದು ತರಬೇಕು. ಹಿಡಿದೇ ತಂದೆ. ಫ್ಯಾಕ್ಟರಿಯ ಒಬ್ಬನನ್ನು ಕರೆತಂದು, ನೀರೇನು, ಗಾಳಿಯೇನು, ಬೆಳಕೇನು ಎಂದು ಇಲ್ಲದ್ದನ್ನೆಲ್ಲ ಹೊಗಳಿದೆ. ಓನರ್ ಬಾಗಿಲಿಗೆ ಒರಗಿ ಕೇಳುತ್ತಿದ್ದ. ತನ್ನ ಮನೆ ಇಷ್ಟು ಚೆನ್ನಾಗಿದೆ ಎಂದು ಅವನಿಗೂ ಅವತ್ತೇ ಗೊತ್ತಾಗಿದ್ದು. ನಿಂತ ಜಾಗದಲ್ಲೇ ಅಡ್ವಾನ್ಸ್ ಏರಿಸಿದ. ಬಂದವನು ಚಪ್ಪಲಿ ಮೆಟ್ಟಿ ಹೊರಟ. ಓನರ್ ನನ್ನ ಕಡೆ ತಿರುಗಿ, "ಇಂಥಾ ಮನೆಗೆ ನೀವು ಕೊಡ್ತಿರೋ ಬಾಡಿಗೆ ಕಮ್ಮಿ ಆಯ್ತಲ್ಲ ಸಾ" ಅಂದ.

ಹೆಂಡತಿ ಸೆರಗು ಸೊಂಟಕ್ಕೆ ಸಿಕ್ಕಿಸಿದಳು. "ಇನ್ನು ನೀವು ಬಾಯಿ ಮುಚ್ಕೊಂಡು ಕುಂದರ್ರಿ. ಬಂದವ್ರ ಜೋಡಿ ನಾ ಮಾತಾಡ್ತೀನಿ."

ಆಕೆಗೆ ಸುಳ್ಳು ಬರುವುದಿಲ್ಲ. ಮನೆ ನೋಡಲು ಯಾರೇ ಬರಲಿ, ಕೂರಿಸಿ ಚಹಾ ಕೊಟ್ಟು ಹೇಳುವಳು: "ನೀರು ಎಂಟು ದಿನಕ್ಕೊಮ್ಮೆ ರೀ, ಬಂದ್ರ ಬಂತು. ಮಳಿ ಆದ್ರ ದೇವರ ಮ್ಯಾಲೇ ಸೋರ್ತೈತಿ, ಬ್ಯಾರೆ ಅಭಿಷೇಕ ಬ್ಯಾಡ. ಹಿತ್ತಲ ಬಾಗಿಲಾ ಹಾಕಿದ್ರ ತೆಗ್ಯಾಕ ಬರಂಗಿಲ್ಲ, ತೆಗದ್ರ ಹಾಕಾಕ ಬರಂಗಿಲ್ಲ." ಬಂದವರು ಚಹಾ ಕುಡಿದು, ಉಪಕಾರ ಆಯಿತಮ್ಮ ಎಂದು ಹೋಗುವರು. ಗೇಟಿನ ಟು-ಲೆಟ್ ಬೋರ್ಡು ಬಿಸಿಲಿಗೆ ಬೆಳ್ಳಗಾಯಿತು.

ಓನರ್ ಓಡಿ ಬಂದ. "ಏನಮ್ಮಾ, ಬಂದೋರ್ಗೆಲ್ಲಾ ಇಂಗಾ ಏಳೋದು?"

"ಇದ್ರಾಗ ಸುಳ್ಳು ಯಾವುದೈತಿ ಹೇಳ್ರಿ ಅಣ್ಣಾರ."

ಅವನು ಸೂರು ನೋಡಿದ, ನಲ್ಲಿ ನೋಡಿದ, ಹಿತ್ತಲ ಬಾಗಿಲು ನೋಡಿದ. ಇದ್ದದ್ದು ಇದ್ದ ಹಾಗೆ ಹೇಳಿದರೆ ಎದ್ದು ಬಂದು ಎದೆಗೆ ಒದ್ದರು ಅನ್ನುತ್ತಾರೆ. ಇವನು ಒದೆಯುವ ಬದಲು ತಲೆ ಕೆರೆದುಕೊಂಡ.

"ಓಗ್ಲಿ, ಯಾವಾಗ ಖಾಲಿ ಮಾಡ್ತೀರ?"

"ನಮ್ಮ ರೊಕ್ಕ ಕೈಗೆ ಬಂದ ದಿನಾ ರೀ."

ಆ ಭಾನುವಾರ ಓನರ್ ತನ್ನ ಬಾಮೈದನ ಹತ್ತಿರ ಸಾಲ ಮಾಡಿ ಪೂರ್ತಿ ಅಡ್ವಾನ್ಸ್ ತಂದು ಆಕೆಯ ಕೈಗೇ ಕೊಟ್ಟ. ಪೇಂಟಿಂಗ್ ಮಾತೇ ಎತ್ತಲಿಲ್ಲ. ಸೋಮವಾರ ಗಿರವಿ ಅಂಗಡಿಯಿಂದ ನೇರ ಸಾಮಾನಿನ ಆಟೋ ಹತ್ತಿರ ಬಂದೆವು. ಬಳೆ ಹಾಕಿದ ಕೈಯಿಂದಲೇ ಆಕೆ ಬೀಗದ ಕೈ ಕೊಟ್ಟಳು. ಓನರ್ ಕೈ ಮುಗಿದ.

"ಅಮ್ಮಾ, ಈಗ ಒಬ್ರು ಮನೆ ನೋಡಾಕ್ಕೆ ಬತ್ತಾವ್ರೆ. ನಿಮ್ಮ ಬಾಯಲ್ಲಿ ಒಂದೇ ಒಂದು ಒಳ್ಳೆ ಮಾತು ಏಳ್ಬಿಟ್ಟು ಓಗಿ."

ಕೈ ತುಂಬಿದ ಖುಷಿ ಆಕೆಗೆ. "ಹೇಳ್ತೀನ್ರಿ ಅಣ್ಣಾರ. ಓನರು ಭಾಳ ಚಲೋ ಮನಶ್ಯಾ, ಒಂದು ರೂಪಾಯಿ ಮುರೀದ ಅಡ್ವಾನ್ಸ್ ಪೂರಾ ವಾಪಸ್ ಕೊಟ್ರು ಅಂತ ಹೇಳ್ತೀನಿ."

ಓನರ್‌ನ ಮುಖ ಇಳಿದು ಹೋಯಿತು. ಬೀದಿಯ ಆ ಕಡೆ ಈ ಕಡೆ ನೋಡಿ ಹತ್ತಿರ ಬಂದು ಮೆಲ್ಲಗೆ ಹೇಳಿದ:

"ಅದೊಂದ್ ಮಾತ್ರ ಬ್ಯಾಡಮ್ಮಾ. ನೀರು ಬರಲ್ಲ, ಮನೆ ಸೋರ್ತೈತೆ ಅಂತ್ಲೇ ಏಳಿ."