ಕಪ್ಪು ಮಾತ್ರ ಕಾಣಬೇಕು

ತಪ್ಪು ಮಾಡಿದವನಿಗೆ ಕಿವಿಯಷ್ಟು ಒಳ್ಳೆಯ ಆಸರೆ ಇನ್ನೊಂದಿಲ್ಲ. ‘ನನಗೆ ಹಾಗೆ ಕೇಳಿಸಿತು’ ಎಂದುಬಿಟ್ಟರೆ ಮುಗಿಯಿತು; ಕಿವಿಗೆ ಬಾಯಿಲ್ಲ, ಎದುರು ಹೇಳುವುದಿಲ್ಲ. ತಿರುವನಂತಪುರದ ಅಕ್ಕನ ಅಡುಗೆಮನೆಯ ವಿಷಯದಲ್ಲಿ ನಾನು ಎಂಟು ತಿಂಗಳು ಎಲ್ಲ ಹೊರೆಯನ್ನೂ ನನ್ನ ಎಡಗಿವಿಯ ಮೇಲೆ ಹೊರಿಸಿದ್ದೆ. ಪಾಪ, ಅದಕ್ಕೆ ಚೆನ್ನಾಗಿಯೇ ಕೇಳಿಸುತ್ತದೆ.

ಕಾಸರಗೋಡಿನಲ್ಲಿ ಏಳನೆಯ ತರಗತಿಗೇ ಶಾಲೆ ಬಿಟ್ಟವನು ನಾನು. ಅಕ್ಕ ಓದಿ ಕೇಂದ್ರ ಸರಕಾರದ ಆಫೀಸು ಸೇರಿದಳು. ನಾನು ಉಳಿ ಹಿಡಿದು ಕೊಚ್ಚಿ ಸೇರಿದೆ. ಫ್ಲಾಟುಗಳಿಗೆ ಅಡುಗೆಮನೆಯ ಕಪಾಟು ಜೋಡಿಸುವುದು ನನ್ನ ಕೆಲಸ. ಈಗಿನವರಿಗೆ ಎಲ್ಲವೂ ಕಪ್ಪಾಗಿರಬೇಕು, ಬಾಗಿಲಿಗೆ ಹಿಡಿ ಇರಕೂಡದು, ಒಂದು ಚಮಚವೂ ಹೊರಗೆ ಕಾಣಕೂಡದು. ಬಾಗಿಲನ್ನು ಒತ್ತಿದರೆ ಅದು ತಾನಾಗಿ ತೆರೆಯುತ್ತದೆ. ಇದಕ್ಕೆ ಮಿನಿಮಲ್ ಎನ್ನುತ್ತಾರೆ. ಅದು ಪ್ಲೈವುಡ್ ಕಂಪನಿಯ ಹೆಸರೆಂದು ನಾನು ಎರಡು ವರ್ಷ ನಂಬಿದ್ದೆ. ಅಂಗಡಿಗೆ ಹೋಗಿ ನಾಲ್ಕು ಹಲಗೆ ಮಿನಿಮಲ್ ಕೊಡಿ ಎಂದು ಕೇಳಿಯೂ ಇದ್ದೆ. ಅರ್ಥ ತಿಳಿದ ಮೇಲೆ ನೋಡಿದರೆ, ಕೊಚ್ಚಿಯ ವೈಟ್ಟಿಲದ ನನ್ನ ಬಾಡಿಗೆ ಕೋಣೆಯೇ ಅಪ್ಪಟ ಮಿನಿಮಲ್. ಒಂದು ಒಲೆ, ಒಂದು ಪಾತ್ರೆ, ಒಂದು ತಟ್ಟೆ, ಮಸಿ ಹಿಡಿದ ಗೋಡೆ, ಒಬ್ಬ ಮನುಷ್ಯ. ಫೋಟೋ ತೆಗೆಯಲು ಮಾತ್ರ ಯಾರೂ ಬರುವುದಿಲ್ಲ.

ಅಕ್ಕನ ಹಳೆಯ ಕಪಾಟಿಗೆ ಗೆದ್ದಲು ಹಿಡಿಯಿತು. ಬಾವನ ಕಡೆಯ ಮದುವೆಗೆ ಮನೆಯವರೆಲ್ಲ ಒಂದು ವಾರ ಊರಿಗೆ ಹೊರಟಿದ್ದರು. ಅಕ್ಕ ಬೀಗದ ಕೈ ಪಕ್ಕದ ಮನೆಯಲ್ಲಿ ಕೊಟ್ಟು ಫೋನು ಮಾಡಿದಳು: “ನೀನು ಹೇಗೆ ಬೇಕಾದ್ರೂ ಮಾಡು ತಮ್ಮಾ. ಕಪ್ಪು ಮಾತ್ರ ಕಾಣ್ಬೇಕು, ಆಯ್ತಾ?”

ಕಪ್ಪು ಮಾತ್ರ ಕಾಣಬೇಕು! ಆಫೀಸಿನಲ್ಲಿ ಕೂತ ಅಕ್ಕನಿಗೂ ಹೊಸ ರುಚಿ ಹತ್ತಿದೆ ಎಂದು ನನಗೆ ಹೆಮ್ಮೆಯಾಯಿತು. ಆರು ದಿನದಲ್ಲಿ ನೆಲದಿಂದ ಸೂರಿನವರೆಗೆ ಕಪ್ಪು ಬಾಗಿಲು ಕೂರಿಸಿದೆ. ಊರಿನಿಂದ ಬಂದ ಅಕ್ಕ ಅಡುಗೆಮನೆಯ ಹೊಸ್ತಿಲಲ್ಲೇ ನಿಂತಳು.

“ಎಂತ ಮಾರಾಯಾ ಇದು, ಶಾಲೆಯ ಬೋರ್ಡಿನ ಹಾಗೆ ಉಂಟು! ಕಪ್ಪೆಲ್ಲಿ?”

“ಇಡೀ ಕಪ್ಪೇ ಅಲ್ವಾ ಅಕ್ಕಾ?”

“ಅಯ್ಯೋ, ಚಾ ಕುಡಿಯುವ ಕಪ್ಪು! ರೈಲಿಂದ ಇನ್ನೊಂದ್ಸಲ ಫೋನು ಮಾಡಿ ಹೇಳಿದ್ದೆನಲ್ಲ?”

“ರೈಲಿನ ಸದ್ದಿಗೆ ಎಂತದೂ ಕೇಳ್ಲಿಲ್ಲ” ಎಂದೆ. ಬಾವ ಗೋಡೆ ಹಿಡಿದುಕೊಂಡು ನಕ್ಕರು. ಹಿಡಿಯಲು ಹೊಸ ಕಪಾಟಿನಲ್ಲಿ ಏನೂ ಇರಲಿಲ್ಲ.

ಅಕ್ಕನ ಮನೆಯಲ್ಲಿ ಒಬ್ಬೊಬ್ಬರದು ಒಂದೊಂದು ಹೊತ್ತು. ಬಾವನದು ಪಾಳಿ ಕೆಲಸ, ಮಗಳಿಗೆ ಕಾಲೇಜು, ಮಗನಿಗೆ ಟ್ಯೂಷನ್. ಹಳೆಯ ಅಡುಗೆಮನೆಯ ಗೋಡೆಯಲ್ಲಿ ಸಾಲಾಗಿ ಕೊಕ್ಕೆಗಳಿದ್ದವು, ಅವುಗಳಲ್ಲಿ ಒಬ್ಬೊಬ್ಬರ ಕಪ್ಪು. ಒದ್ದೆ ಇದ್ದರೆ ಬಂದು ಚಾ ಕುಡಿದು ಹೋಗಿದ್ದಾರೆ. ಒಣಗಿದ್ದರೆ ಇನ್ನೂ ಬಂದಿಲ್ಲ. ಅದು ಅವಳ ಹಾಜರಿ ಪುಸ್ತಕ. ನಾನು ಅದನ್ನು ಕಪ್ಪು ಬಾಗಿಲ ಹಿಂದೆ ಮುಚ್ಚಿದ್ದೆ. “ಅಪ್ಪ ಚಾ ಕುಡಿದ್ರಾ?” ಎಂದು ಅಕ್ಕ ಕೇಳಿದರೆ, ಮಗಳು ಮೊಬೈಲಿನಿಂದ ತಲೆಯೆತ್ತದೆ “ಆರ್ಕ್ಕರಿಯಾಂ?” ಎನ್ನುತ್ತಾಳಂತೆ, ಯಾರಿಗೆ ಗೊತ್ತು ಎಂದು. “ಯಾರು ಬಂದದ್ದು, ಯಾರು ಹೋದದ್ದು ಒಂದೂ ಗೊತ್ತಾಗುದಿಲ್ಲ ತಮ್ಮಾ. ಲಾಡ್ಜಲ್ಲಿ ಇದ್ದ ಹಾಗೆ ಆಗ್ತದೆ” ಎಂದು ಅಕ್ಕ ಫೋನಿನಲ್ಲಿ ಹೇಳಿದಳು. ಲಾಡ್ಜಿನಲ್ಲಿದ್ದ ಹಾಗೆ ಬದುಕುವುದು ಹೇಗೆಂದು ನನಗೆ ಗೊತ್ತು. ಅದನ್ನು ಅವಳಿಗೂ ಮಾಡಿಕೊಟ್ಟೆ.

ಈಗ ನಿಜ ಹೇಳುತ್ತೇನೆ. ರೈಲಿನಿಂದ ಬಂದ ಫೋನು ಸ್ಪಷ್ಟವಾಗಿ ಕೇಳಿಸಿತ್ತು. “ಬಣ್ಣ ಅಲ್ಲ, ಚಾದ ಕಪ್ಪು” ಎಂದಿದ್ದಳು. ಆಗಿನ್ನೂ ಹಲಗೆ ಕೊಯ್ದಿರಲಿಲ್ಲ. ನಾನು “ಹೂಂ, ಗೊತ್ತುಂಟು” ಎಂದು ಫೋನಿಟ್ಟು ಗರಗಸ ಹಿಡಿದೆ. ಇಷ್ಟು ವರ್ಷ ಬೇರೆಯವರ ಮನೆಗೆ ಕಪ್ಪು ಅಡುಗೆಮನೆ ಕಟ್ಟಿದ್ದೇನೆ. ಕೊನೆಯ ಬಾಗಿಲು ಕೂರಿಸಿದ ಕೂಡಲೇ ಚಪ್ಪಲಿ ಮೆಟ್ಟಿ ಹೊರಗೆ. ಅದರಲ್ಲಿ ಯಾರಾದರೂ ಒಂದು ಸಾರು ಕುದಿಸಿದ್ದನ್ನು ನೋಡಿದವನಲ್ಲ. ನನ್ನವರ ಮನೆಯಲ್ಲಿ ಒಂದಿರಲಿ ಎನಿಸಿತು. ಓದಿದ ಅಕ್ಕನಿಗಿಂತ ನನಗೆ ಹೆಚ್ಚು ಗೊತ್ತಿರುವ ವಿಷಯ ಇದೊಂದೇ ಎಂಬುದೂ ಇತ್ತು.

ಆಮೇಲೆ ತಿಂಗಳಿಗೊಮ್ಮೆ ಹೋಗುತ್ತಿದ್ದವನು ಹೋಗುವುದನ್ನೇ ಬಿಟ್ಟೆ. ಏಲೂರಿನಲ್ಲಿ ಕೆಲಸ, ಸೊಂಟ ನೋವು, ರೈಲಿನಲ್ಲಿ ರಶ್ಶು. ಆದಿತ್ಯವಾರ ಕೋಣೆಯಲ್ಲಿ ಚಾ ಕಾಸಿ, ಕಪ್ಪು ತೊಳೆದು ಕವುಚಿಟ್ಟು, ಅದು ಒಣಗುವುದನ್ನು ನೋಡುತ್ತ ಕೂರುತ್ತಿದ್ದೆ. ಒದ್ದೆಯೋ ಒಣಗಿದೆಯೋ ಎಂದು ನೋಡುವವನೂ ನಾನೇ. ಹೀಗೆ ಎಂಟು ತಿಂಗಳಾದ ಮೇಲೆ ತೇಗದ ಒಂದು ಪಟ್ಟಿಗೆ ಅಳತೆ ಮಾಡಿ ಹಿತ್ತಾಳೆಯ ಕೊಕ್ಕೆ ಕೂರಿಸಿ, ಪೇಪರಿನಲ್ಲಿ ಸುತ್ತಿಕೊಂಡು ರೈಲು ಹತ್ತಿದೆ.

ಅಕ್ಕನ ಕಪ್ಪು ಬಾಗಿಲುಗಳ ತುಂಬ ಹಣೆಯ ಬೊಟ್ಟುಗಳಿದ್ದವು. ಎಲ್ಲಿ ಒತ್ತಬೇಕೆಂದು ತಿಳಿಯದೆ, ಕೆಂಪು ಬೊಟ್ಟು ಉಪ್ಪಿಗೆ, ಹಸಿರು ಬೊಟ್ಟು ಬೇಳೆಗೆ ಎಂದು ಅಂಟಿಸಿದ್ದಳು. ಅಡುಗೆಮನೆ ಮುತ್ತೈದೆಯರ ಗುಂಪಿನಂತೆ ಕಾಣುತ್ತಿತ್ತು. ನಾನು ಪಟ್ಟಿಯನ್ನು ಗೋಡೆಗೆ ಬಿಗಿದೆ. ಬೆನ್ನು ತಿರುಗಿಸಿದ್ದರಿಂದ ಹೇಳಲು ಸುಲಭವಾಯಿತು: “ಅಕ್ಕಾ, ರೈಲಿಂದ ನೀನು ಹೇಳಿದ್ದು ನನಗೆ ಕೇಳಿತ್ತು.”

“ಗೊತ್ತುಂಟು. ಸಣ್ಣದಿರುವಾಗ್ಲೂ ನಿನಗೆ ಬೇಕಾದದ್ದು ಮಾತ್ರ ಕೇಳ್ತಿತ್ತು” ಎಂದಳು ಅಕ್ಕ. ಆಮೇಲೆ ಕೊಕ್ಕೆ ಎಣಿಸಿದಳು. “ನಾಲ್ಕೇ ಉಂಟಲ್ಲ?”

“ನೀವು ನಾಲ್ಕೇ ಜನ ಅಲ್ವಾ?”

ಅವಳು ಹಳದಿ ಬೊಟ್ಟಿನ ಬಾಗಿಲು ಒತ್ತಿದಳು. ಒಳಗೆ, ಅಂಚು ಒಡೆದ ನೀಲಿ ಕಪ್ಪು. ನಾನು ಹೋದಾಗಲೆಲ್ಲ ಅದರಲ್ಲೇ ಚಾ ಕೊಡುತ್ತಿದ್ದಳು. ಅದು ಬಂದ ನೆಂಟರದ್ದು ಎಂದುಕೊಂಡಿದ್ದೆ. “ಇದೆಲ್ಲಿ ತೂಗುದು ಮಾರಾಯಾ?”

ಚಾಲೈ ಪೇಟೆಗೆ ಹೋಗಿ ಇನ್ನೊಂದು ಕೊಕ್ಕೆ ತಂದೆ. ಅಳತೆ ಹಿಡಿಯದೆ, ಪಟ್ಟಿಯ ತುದಿಗೆ ಹೊಡೆದೆ. “ಮಾಮಾ, ಅದು ಚೆರಿಞ್ಞು ಪೋಯಿ” ಎಂದಳು ಅಕ್ಕನ ಮಗಳು. ವಾಲಿತಂತೆ. ವಾಲಿರುವುದು ನಿಜ.

ಈಗ ಅಕ್ಕ ವಾರಕ್ಕೊಂದು ಫೋಟೋ ಕಳಿಸುತ್ತಾಳೆ. ನಾಲ್ಕು ಕಪ್ಪುಗಳಿಂದ ನೀರು ತೊಟ್ಟಿಕ್ಕುತ್ತಿರುತ್ತದೆ, ಐದನೆಯದು ವಾಲಿಕೊಂಡು ಒಣಗಿ ಕೂತಿರುತ್ತದೆ. ಕೆಳಗೆ ಒಂದಕ್ಷರವನ್ನೂ ಬರೆಯುವುದಿಲ್ಲ. ಮಾತಾದರೆ ಕಿವಿಯ ಮೇಲೆ ಹಾಕಬಹುದಿತ್ತು, ಇದು ಫೋಟೋ. ಕಣ್ಣು ಮಂಜಾಗಿದೆ ಎನ್ನಲೋ, ಶನಿವಾರದ ರೈಲು ಹಿಡಿಯಲೋ ಎಂದು ಯೋಚಿಸುತ್ತಿದ್ದೇನೆ.