ಹಿಮ್ಮಡಿ ಪಾಠಕ್ಕೊಂದು ವೇಗದ ಇಂಟರ್ನೆಟ್

ಎಪ್ಪತ್ತಮೂರನೆಯ ವಯಸ್ಸಿನಲ್ಲಿ ನಾನೊಂದು ಘೋರ ಪ್ರತಿಜ್ಞೆ ಮಾಡಿದೆ: ನಮ್ಮ ಕಣಿವೆಯಲ್ಲೇ ಅತಿ ವೇಗದ ಇಂಟರ್ನೆಟ್ ನನ್ನ ಅಡುಗೆಮನೆಗೆ ಬರಬೇಕು, ಅದೂ ಬುಧವಾರ ಸಂಜೆ ಆರರೊಳಗೆ!

ಕಾರಣವಿತ್ತು. ವಾರಕ್ಕೊಮ್ಮೆ ಕಂಪ್ಯೂಟರಿನ ಮುಂದೆ ಕೂತು ಉಣ್ಣೆಯ ಕಾಲುಚೀಲ ಹೆಣೆಯುವುದನ್ನು ಕಲಿಸುತ್ತೇನೆ. ದೇಶದ ದಕ್ಷಿಣದ ಓಸ್ಲೋದಿಂದ ಉತ್ತರದ ಬೋಡೋವರೆಗೆ ಎಂಟು ಜನ ಶಿಷ್ಯೆಯರು. ಕೊಳವೆಯಂತೆ ಹೆಣೆದದ್ದನ್ನು ಹಿಮ್ಮಡಿಗೆಂದು ತಿರುಗಿಸುವ ಜಾಗಕ್ಕೆ ಬಂದಾಗಲೆಲ್ಲ ಚಿತ್ರ ನಿಂತುಬಿಡುತ್ತದಂತೆ. ಅವರು ಕರೆಯಿಂದ ಹೊರಗೆ ಹೋಗಿ ಮತ್ತೆ ಸೇರಿಕೊಳ್ಳುವಷ್ಟರಲ್ಲಿ ನನ್ನ ಹಿಮ್ಮಡಿ ಮುಗಿದಿರುತ್ತದೆ. ಪಾಪ, ಎಲ್ಲರೂ ಸುಮ್ಮನೆ ಸುತ್ತು ಹೆಣೆಯುತ್ತಾ ಹೋಗಿ ಆನೆಯ ಸೊಂಡಿಲಿನಂಥ ಚೀಲಗಳು ತಯಾರಾದವು. ಇಬ್ಬರು ಬಿಟ್ಟೇ ಹೋದರು. ಉಳಿದವರ ಪರವಾಗಿ ರಾಂಗ್‌ಫ್ರಿಡ್ ನಯವಾಗಿ ಹೇಳಿದ್ದಳು: "ಈ ಬುಧವಾರವೂ ಹಿಮ್ಮಡಿ ಸಿಗದಿದ್ರೆ, ನಾವು ಟೊಪ್ಪಿಗೆ ಕಲಿಸೋರನ್ನ ಹುಡುಕ್ಕೋತೀವಿ."

ಸೋಮವಾರ ಕಂಪನಿಗೆ ಫೋನ್ ಮಾಡಿ ದೊಡ್ಡ ಪ್ಲಾನಿಗೆ ಬದಲಾಯಿಸಲು ಹೇಳಿದೆ. ಎಲ್ಲರ ಮಾತನ್ನೂ ಕೊನೆವರೆಗೆ ಕೇಳುವವಳೆಂದು ಊರಲ್ಲಿ ಹೆಸರಾದ ನಾನು, ಅಂದು ಮಾತ್ರ "ಆಯ್ತು" ಎಂದು ಕಿವಿಗೆ ಬಿದ್ದದ್ದೇ ಫೋನಿಟ್ಟೆ. ಮುಂದಿನದು ಗೊತ್ತೇ ಇತ್ತಲ್ಲ! ನಮ್ಮೂರಿಗೆ ನಲ್ಲಿ ನೀರು ಬಂದಾಗ ಅಗೆದೆವು, ಕರೆಂಟಿನ ತಂತಿ ನೆಲಕ್ಕಿಳಿದಾಗ ಅಗೆದೆವು, ಇಂಟರ್ನೆಟ್ ಬಂದಾಗಲೂ ಅಗೆದೆವು. ಹೆಚ್ಚು ನೀರಿಗೆ ದಪ್ಪ ಪೈಪು, ಹೆಚ್ಚು ವೇಗಕ್ಕೆ ದಪ್ಪ ತಂತಿ. ಇಷ್ಟು ತಿಳಿಯಲು ನನ್ನ ಏಳನೇ ಕ್ಲಾಸಿನ ಓದು ಸಾಕು.

"ಅಗೀರಿ ಅಂತ ಕಂಪನಿಯೋರು ಹೇಳಿದ್ರಾ?" ಎಂದ ಗಂಡ ತೂರ್ಲೈವ್.

"ಹೇಳೋತನಕ ಕಾದ್ರೆ ನೆಲ ಹೆಪ್ಪುಗಟ್ಟತ್ತೆ ಮಾರಾಯ. ನೀನು ಕೆಲಸಕ್ಕೆ ಬರೋರಿಗೆ ವಾಫೆಲ್ ದೋಸೆ ಹಿಟ್ಟು ಕಲಸು."

ಬುಧವಾರ ಬೆಳಿಗ್ಗೆ ದುಗ್ನಾಡ್ ಕರೆದೆ. ನಮ್ಮಲ್ಲಿ ಅದು ಮುಯ್ಯಾಳಿನ ಕೆಲಸ. ಕರೆದರೆ ಬರಬೇಕು, ಯಾಕೆಂದು ಕೇಳಬಾರದು. ನೆರೆಯ ನಾಲ್ಕು ಮನೆಯವರು ಸಲಿಕೆ ಹಿಡಿದು ಬಂದರು. ಎಂಬತ್ತೊಂದು ವರ್ಷದ ಐಲರ್ಟ್ ತನ್ನ ಪುಟ್ಟ ಅಗೆಯುವ ಯಂತ್ರವನ್ನೇ ಓಡಿಸಿಕೊಂಡು ಬಂದ. ಎಂಥ ಜನ ಅವರು! ಹನ್ನೊಂದು ಗಂಟೆಯೊಳಗೆ ಇಪ್ಪತ್ತೆರಡು ಮೀಟರ್ ಕಾಲುವೆ, ಅಂಚು ಚಾಕುವಿನಲ್ಲಿ ಕತ್ತರಿಸಿದ ಹಾಗೆ. ಭಗೀರಥ ಕಂಡಿದ್ದರೆ ಇವರನ್ನೇ ಕೆಲಸಕ್ಕೆ ಕರೆಯುತ್ತಿದ್ದ. ಕೊನೆಯ ಸಲ ಯಂತ್ರ ಮಣ್ಣೆತ್ತಿದಾಗ ಅದರ ಹಲ್ಲಿಗೆ ಕಿತ್ತಳೆ ಬಣ್ಣದ್ದೇನೋ ಸಿಕ್ಕಿ, ತುಂಡಾಗಿ ಜೋತಾಡಿತು.

ಐಲರ್ಟ್ ಅದನ್ನು ದಿಟ್ಟಿಸಿ ನೋಡಿದ. "ಬೇರು ಅಂತೂ ಅಲ್ಲ," ಎಂದ.

ಐದೂ ಮನೆಗಳ ಇಂಟರ್ನೆಟ್ ಅಲ್ಲಿಗೆ ಮಣ್ಣುಪಾಲು. ಒಬ್ಬರಾದರೂ ಬೈದರೇ? ಇಲ್ಲ. ಸಲಿಕೆಗಳನ್ನು ಗೋಡೆಗೆ ಒರಗಿಸಿ, ವಾಫೆಲ್ ಜೊತೆ ಜಾಮ್ ಇದೆಯೇ ಎಂದು ವಿಚಾರಿಸಿದರು.

ತೂರ್ಲೈವ್ ಕಂಪನಿಗೆ ಫೋನ್ ಮಾಡಿದ. ಮೂರು ಗಂಟೆಗೆ ರಿಪೇರಿಯ ಹುಡುಗಿ ಸಿನ್ನೆ ಬಂದಳು. ಕಾಲುವೆಯ ಉದ್ದಕ್ಕೂ ನಡೆದು, ಇಷ್ಟು ನೇರವಾದದ್ದನ್ನು ತಾನು ನೋಡಿಯೇ ಇಲ್ಲ ಎಂದು ಮೆಚ್ಚಿಕೊಂಡಳು. ಆಮೇಲೆ ಕೇಳಿದಳು, "ಅಲ್ಲಾ, ಇದು ಯಾತಕ್ಕೆ?"

"ದಪ್ಪ ತಂತಿಗೆ."

"ಗುನ್‌ವೋರ್, ಇರೋ ತಂತಿನೇ ಸಾಕು. ವೇಗ ನಾವು ಆಫೀಸಲ್ಲಿ ಕೂತೇ ಹೆಚ್ಚಿಸ್ತೀವಿ. ನಿಮ್ದು ಸೋಮವಾರ ನೀವು ಫೋನ್ ಇಡೋದ್ರೊಳಗೇ ಆಗಿತ್ತು."

ಅಂದರೆ ಎರಡು ದಿನದಿಂದ ಮಿಂಚಿನಂತೆ ಓಡುತ್ತಿದ್ದ ಇಂಟರ್ನೆಟ್ಟನ್ನು ಊರೇ ಸೇರಿ ಶಿಸ್ತಾಗಿ ಕೊಂದಿದ್ದೆವು. ಆ ಹುಡುಗಿ ನಗಲಿಲ್ಲ. ಕೆಸರಿನಲ್ಲೇ ಮಂಡಿಯೂರಿ, ಕೂದಲಿನಂಥ ಎಳೆಗಳನ್ನು ಒಂದೊಂದಾಗಿ ಬೆಸೆದಳು. ಆ ಬೆರಳುಗಳನ್ನು ನೋಡುತ್ತ, ಹೆಣಿಗೆಯ ಗುರುವೆಂದು ಬೀಗುತ್ತಿದ್ದ ನನಗೆ ನಾಚಿಕೆಯಾಯಿತು. ಆರಕ್ಕೆ ಐದು ನಿಮಿಷವಿದೆ ಎನ್ನುವಾಗ ಅಡುಗೆಮನೆಯ ಇಂಟರ್ನೆಟ್ ಪೆಟ್ಟಿಗೆಯ ದೀಪ ಹಸಿರಾಯಿತು.

ಪಾಠ ಶುರು! ಆರೂ ಮುಖಗಳು ಎದುರಿಗೇ ಕೂತಷ್ಟು ಸ್ಪಷ್ಟ. ಹಿಮ್ಮಡಿಗೆ ಬಂದೆ. ಸೂಜಿಯ ಮೇಲಿನ ಕುಣಿಕೆಗಳನ್ನು ಎಣಿಸತೊಡಗಿದೆ.

"ಮತ್ತೆ ನಿಂತ್ಹೋಯ್ತು," ಎಂದು ರಾಂಗ್‌ಫ್ರಿಡ್ ನಿಟ್ಟುಸಿರಿಟ್ಟಳು. ನನ್ನ ಜೀವವೇ ಹೋದಂತಾಯಿತು. ಆದರೂ ಎಣಿಕೆ ತಪ್ಪೀತೆಂದು ತುಟಿ ಬಿಚ್ಚಲಿಲ್ಲ. ಅಷ್ಟರಲ್ಲಿ ತೂರ್ಲೈವ್ ಕಾಫಿ ಬಗ್ಗಿಸಿಕೊಳ್ಳಲು ನನ್ನ ಬೆನ್ನ ಹಿಂದೆ ಹಾದುಹೋದ.

"ತಾಳಿ, ತಾಳಿ," ಎಂದಳು ರಾಂಗ್‌ಫ್ರಿಡ್. "ತೂರ್ಲೈವ್ ಓಡಾಡ್ತಿದ್ದಾರೆ. ಗುನ್‌ವೋರ್ ಒಬ್ರೇ ಅಲ್ಲಾಡ್ತಿಲ್ಲ."

ತೂರ್ಲೈವ್ ಬಗ್ಗಿ ಅವರಿಗೆ ಮುಖ ತೋರಿಸಿದ.

"ಇಂಟರ್ನೆಟ್ ಸರಿಯಾಗೇ ಇದೆ ಕಣ್ರಮ್ಮ. ಎಣಿಸೋವಾಗ ಇವಳು ಹೀಗೇ, ಐವತ್ತು ವರ್ಷದಿಂದ. ಉಸಿರೂ ಬಿಡಲ್ಲ. ಭುಜ ತಟ್ಟಿದ್ರೆ ಮತ್ತೆ ಶುರು ಆಗ್ತಾಳೆ."